ಖಾಲಿ ಮಾತ್ರೆ ಶೀಟು

ಮನುಷ್ಯನ ಪ್ರಾಮಾಣಿಕತೆ ಪರೀಕ್ಷೆಗೆ ಒಳಗಾಗುವುದು ಮಹಾವಿಪತ್ತುಗಳ ನಡುವೆ ಎಂದು ಮೂವತ್ನಾಲ್ಕು ವರ್ಷ ಏಳನೇ ತರಗತಿಯ ಮಕ್ಕಳಿಗೆ ಗಂಭೀರವಾಗಿ ಪಾಠ ಹೇಳಿದವನು ನಾನು. ನನ್ನದು ಪರೀಕ್ಷೆಗೆ ಒಳಗಾದದ್ದು ಹತ್ತು ಮಾತ್ರೆಯ ಒಂದು ಶೀಟಿನ ಮುಂದೆ, ಅದೂ ಮಧ್ಯಾಹ್ನದ ಊಟವಾದ ಮೇಲೆ, ಆರಾಮಕುರ್ಚಿಯಲ್ಲಿ. ಫೇಲಾಯಿತು.

ಪರೀಕ್ಷೆ ಮಾಡಿದವರು ಒಬ್ಬ ಫಾರ್ಮಸಿ ಮೇಡಂ. ಅವರು ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಮಳೆಗಾಲದಲ್ಲಿ ಒದ್ದೆಯಾಗಿ, ಬೇಸಿಗೆಯಲ್ಲಿ ಕೆಂಪಾಗಿ ಇರುತ್ತಿದ್ದ ಅದೇ ಒಂದು ಜೊತೆ ಕ್ಯಾನ್ವಾಸ್ ಬೂಟಿನಲ್ಲಿ ಬಸ್ಸಿಳಿದು ಬಂದು, ಎದುರಿಗೆ ನಿಂತವರ ಹೆಬ್ಬೆರಳಿನಿಂದ ಹಿಮ್ಮಡಿವರೆಗೆ ಕಣ್ಣಾಡಿಸಿ, ಅಲ್ಲಿ ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ತಲೆಯೆತ್ತಿ "ಹೇಗಿದೀರಾ?" ಅನ್ನುವರು. ಸಕ್ಕರೆ ಕಾಯಿಲೆ ಹಳೆಯದಾದರೆ ಕಾಲಿಗೆ ಗಾಯವಾದರೂ ನೋವು ತಿಳಿಯುವುದಿಲ್ಲ, ಕಾಲಿನ ಯಜಮಾನನಿಗೆ ತಿಳಿಯದ್ದನ್ನು ಬೇರೆಯವರಾದರೂ ನೋಡಬೇಕು ಎಂಬುದು ಅವರ ವಾದ. ನಮ್ಮ ಕಡೆಯ ಹಿರಿಯರಿಗೆ ಈ ವಾದ ಗೊತ್ತಿಲ್ಲ. ಓದಿದ ಹೆಣ್ಣುಮಗಳೊಬ್ಬಳು ಬಂದವಳೇ ಕಾಲ ಹತ್ತಿರ ಬಗ್ಗಿದರೆ ಅದು ನಮಸ್ಕಾರವೇ. ತೋಟದ ಕೆಲಸದಿಂದ ನಿವೃತ್ತನಾಗಿದ್ದ ನನ್ನ ಸ್ನೇಹಿತ ಶೇಷಪ್ಪ ಮೇಸ್ತ್ರಿ, ಬಗ್ಗಿದ ಮೇಡಂ ತಲೆಯ ಮೇಲೆ ಕೈಯಿಟ್ಟು, "ಇರ್ಲಿ ತಾಯಿ, ನೂರು ವರ್ಷ ಬಾಳು" ಅಂದುಬಿಟ್ಟ.

"ಬಾಳ್ತೀನಿ ಮೇಸ್ತ್ರಿ. ನೀವು ಈ ಉಗುರು ಕತ್ತರಿಸ್ಕೊಳ್ಳಿ" ಅಂದರು ಮೇಡಂ, ಬಗ್ಗಿದಲ್ಲಿಂದಲೇ.

ಅವರು ಕಡೂರಿನ ಬಯಲುಸೀಮೆಯವರು. ಚಿಕ್ಕಮಗಳೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು. ಅವರು ಸುಸ್ತಾಗಿರದ ಒಂದು ದಿನವನ್ನೂ ನಾನು ಕಂಡಿಲ್ಲ. ಬೆಳಿಗ್ಗೆ ಆರರ ಬಸ್ಸಿಗೆ ಹೊರಟು, ಮೂಡಿಗೆರೆಯಲ್ಲಿ ಇಳಿದು, ಕಳಸದ ಬಸ್ಸು ಹತ್ತಿ, ಅಷ್ಟೂ ತಿರುವುಗಳಲ್ಲಿ ನಿದ್ದೆ ಮಾಡಿಕೊಂಡೇ ಬರುವರು. ನಮ್ಮೂರಿನಲ್ಲಿ ಕಂಡಕ್ಟರು ಎಬ್ಬಿಸಿ ಇಳಿಸುತ್ತಿದ್ದ. ಒಮ್ಮೆ ಅವನು ಮರೆತ. ಮೇಡಂ ಹೊರನಾಡಿನ ದೇವಸ್ಥಾನದವರೆಗೂ ಹೋಗಿ ಮಧ್ಯಾಹ್ನ ವಾಪಸು ಬಂದರು.

"ದರ್ಶನ ಆಯ್ತಾ?" ಅಂತ ಕೇಳಿದೆ.

"ಊಟ ಆಯ್ತು. ಅಲ್ಲಿ ಬಡಿಸೋ ಒಬ್ರ ಹಿಮ್ಮಡಿ ಪೂರ್ತಿ ಒಡೆದಿದೆ ಮೇಷ್ಟ್ರೇ" ಅಂದರು.

ಅವರ ಸಂಶೋಧನೆ ಹೇಳುವುದಕ್ಕೆ ಸುಲಭ. ಡಾಕ್ಟರು ಚೀಟಿ ಬರೆಯುತ್ತಾರೆ. ಆ ಚೀಟಿಗೂ ರೋಗಿಯ ಹೊಟ್ಟೆಗೂ ನಡುವೆ ಬಹಳ ದೂರವಿದೆ, ರಸ್ತೆಯೂ ಚೆನ್ನಾಗಿಲ್ಲ. ಆ ನಡುದಾರಿಯಲ್ಲಿ ಒಬ್ಬ ಫಾರ್ಮಸಿಸ್ಟ್ ಕೂತು, ಯಾವ ಮಾತ್ರೆ ಯಾಕೆ, ಯಾವಾಗ ಎಂದು ತಿಂಗಳು ತಿಂಗಳೂ ತಿಳಿಸಿ ಹೇಳಿದರೆ ಸಕ್ಕರೆ ಇಳಿಯುತ್ತದೆಯೇ? ಇದು ಪ್ರಶ್ನೆ. ಉತ್ತರ ಸಿಕ್ಕರೆ ಅವರಿಗೆ ಪಿಎಚ್‌ಡಿ. ಎಷ್ಟೋ ವರ್ಷದಿಂದ ಎಳೆಯುತ್ತಿದ್ದ ಕೆಲಸ. ವಿಶ್ವವಿದ್ಯಾಲಯ ಕೊಟ್ಟಿದ್ದ ಅವಧಿಯಲ್ಲಿ ಇನ್ನೆರಡು ವರ್ಷ ಉಳಿದಿತ್ತು. ಅವರ ಕೈಕೆಳಗೆ ಕಲಿತವರೇ ಆಗಲೇ ಹೆಸರಿನ ಹಿಂದೆ ಡಾಕ್ಟರ್ ಅಂತ ಹಾಕಿಕೊಂಡು, ಇವರಿಗೆ ಮೀಟಿಂಗಿನಲ್ಲಿ ಸಮಯಪಾಲನೆಯ ಮಹತ್ವ ತಿಳಿಸುತ್ತಿದ್ದರಂತೆ.

ಮಕ್ಕಳಿಲ್ಲದೆ ಮುಚ್ಚಿದ್ದ ನಮ್ಮ ಶಾಲೆಯ ಕೊಠಡಿಯನ್ನು ಈ ಕೆಲಸಕ್ಕೆ ಹೇಳಿ ಕೇಳಿ ಕೊಡಿಸಿದವನು ನಾನು. ನಾನೇ ಹೆಡ್ ಮೇಷ್ಟ್ರಾಗಿದ್ದ ಶಾಲೆ. ಅದೇ ಕೊಠಡಿಯಲ್ಲಿ ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿ ಕೂತು, ಸಕ್ಕರೆ ಕಾಯಿಲೆಯ ರೋಗಿಯಾಗಿ ನಾನೂ ಹೆಸರು ಬರೆಸಿದೆ. ತೋಟದ ಆಳುಗಳ ಲೈನು ಮನೆಗಳಿಂದ, ಅಂಗಡಿ ಸಾಲಿನಿಂದ ಮೂವತ್ತು ಚಿಲ್ಲರೆ ಜನ ಬಂದರು. ಮೇಡಂ ಒಬ್ಬೊಬ್ಬರನ್ನೂ ಕರೆದು, "ಕೊಟ್ಟೆ ಸುರೀರಿ" ಅನ್ನುವರು. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ತಂದ ಮಾತ್ರೆಯೆಲ್ಲ ಮೇಜಿನ ಮೇಲೆ ಬೀಳಬೇಕು. ಹಾಗೆ ಸುರಿದಾಗಲೇ ಗೊತ್ತಾದದ್ದು, ಅಂಗಡಿ ಸಾಲಿನವರೊಬ್ಬರು ಬೇರೆ ಬೇರೆ ಇಬ್ಬರು ಡಾಕ್ಟರ ಹತ್ತಿರ ಹೋಗಿ, ಒಂದೇ ಮಾತ್ರೆಯನ್ನು ಎರಡು ಹೆಸರಿನಲ್ಲಿ ತಂದು, ಎರಡನ್ನೂ ಶ್ರದ್ಧೆಯಿಂದ ನುಂಗುತ್ತಿದ್ದಾರೆ ಎಂದು. ಬೆಲ್ಲದ ಕಾಫಿಯಲ್ಲಿ ಸಕ್ಕರೆ ಇರುವುದಿಲ್ಲ ಎಂಬ ನಮ್ಮೂರಿನ ಸಿದ್ಧಾಂತವನ್ನು ಅವರು ಪ್ರತಿ ತಿಂಗಳೂ ಖಂಡಿಸುತ್ತಿದ್ದರು. ಜನ ತಲೆಯಾಡಿಸಿ, ಮನೆಗೆ ಹೋಗಿ, ಬೆಲ್ಲದ ಕಾಫಿ ಕುಡಿಯುತ್ತಿದ್ದರು.

ಅವರದು ಒಂದು ಮಾತಿತ್ತು: "ಮಾತ್ರೆ ಹೊಟ್ಟೆಗೆ ಹೋದ್ರೆ ಔಷಧಿ. ಶೀಟಲ್ಲೇ ಇದ್ರೆ ಸೀಮೆಸುಣ್ಣ." ಆದ್ದರಿಂದ ಪ್ರತಿಯೊಬ್ಬರೂ ತಿಂಗಳ ಖಾಲಿ ಶೀಟುಗಳನ್ನು ತಂದು ಒಪ್ಪಿಸಬೇಕು ಎಂಬ ನಿಯಮ ಮಾಡಿದರು. ಮೂವತ್ನಾಲ್ಕು ವರ್ಷ ನಿಯಮ ಮಾಡಿದವನಾದ ನನಗೆ, ನಿಯಮ ಮಾಡಿದ ದಿನವೇ ಅದರ ಸಂದು ಕಾಣಿಸಿತು.

ಆ ಮಾತ್ರೆಗೂ ನನಗೂ ಆಗಲೇ ಮನಸ್ತಾಪವಾಗಿತ್ತು. ಶುರುಮಾಡಿದ ವಾರವೇ ಮೂಡಿಗೆರೆಯಲ್ಲಿ ನಿವೃತ್ತ ಶಿಕ್ಷಕರಿಗೆ ಸನ್ಮಾನ. ಬೆಳಿಗ್ಗೆ ಮಾತ್ರೆ ನುಂಗಿ ಹೋಗಿದ್ದೆ. ಸ್ವಾಗತ ಭಾಷಣದ ಹೊತ್ತಿಗೆ ಹೊಟ್ಟೆ ಗುಡುಗಿತು. ಶಾಲು ಹೊದಿಸುವ ಹೊತ್ತಿಗೆ ವೇದಿಕೆಯ ಮೇಲೆ ನಾನಿರಲಿಲ್ಲ. ಎಲ್ಲಿದ್ದೆ ಎಂಬುದನ್ನು ಸಭೆ ಅಂದಾಜು ಮಾಡಿತು. ಇದನ್ನು ಒಬ್ಬ ಹೆಣ್ಣುಮಗಳಿಗೆ, ಅದೂ ನನ್ನದೇ ಕೊಠಡಿಯಲ್ಲಿ, ಹೇಗೆ ಹೇಳುವುದು? ಹೇಳಲಿಲ್ಲ. ಮೇಡಂ ಬರುವ ಹಿಂದಿನ ದಿನ ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಕೂತು, ಆ ತಿಂಗಳ ಮಾತ್ರೆಗಳನ್ನೆಲ್ಲ ಒಂದೊಂದಾಗಿ ಒತ್ತಿ ತೆಗೆದು ಅಂಗಳದ ರೋಬಸ್ಟಾ ಗಿಡದ ಬುಡಕ್ಕೆ ಹಾಕಿದೆ. ನನ್ನ ಹೆಂಡತಿ ನೋಡಿ, "ಗಿಡಕ್ಕೆ ಶುಗರ್ ಬಂದಿದೆಯಾ?" ಅಂದಳು, ಅಷ್ಟೆ.

ಇದನ್ನು ಶೇಷಪ್ಪ ಮೇಸ್ತ್ರಿಗೆ ಹೇಳಿದ್ದು ನನ್ನ ಎರಡನೇ ತಪ್ಪು.

"ಒಳ್ಳೆ ಉಪಾಯ ಮಾರಾಯ್ರೆ! ಮೇಡಂಗೂ ಬೇಜಾರಿಲ್ಲ, ಹೊಟ್ಟೆಗೂ ಬೇಜಾರಿಲ್ಲ" ಅಂದ. ನಲವತ್ತು ವರ್ಷ ಆಳುಗಳಿಗೆ ಬೆಳಗಿನ ಕೆಲಸ ಹಂಚಿದ ಮನುಷ್ಯ. ಈ ಉಪಾಯವನ್ನೂ ಎರಡು ತಿಂಗಳಲ್ಲಿ ಇಡೀ ತರಗತಿಗೆ ಹಂಚಿದ. ಹೆಡ್ ಮೇಷ್ಟ್ರೇ ಮಾಡುತ್ತಾರೆ ಅಂದ ಮೇಲೆ ಯಾರಿಗೆ ಅನುಮಾನ? ಎಲ್ಲರ ಶೀಟೂ ಖಾಲಿಯಾಗಿ ಬರತೊಡಗಿತು. ಮೇಡಂ ಅವುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, "ನಮ್ಮ ಪಿಎಚ್‌ಡಿ ಗೈಡ್ ನಂಬಲ್ಲ ಮೇಷ್ಟ್ರೇ, ಇಂಥಾ ಜನ ಎಲ್ಲಿದಾರೆ ಅಂತ ಕೇಳ್ತಾರೆ" ಅಂದರು. ಅವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ. ಸುಸ್ತಾದವರ ನಗು ಬೇರೆ ಥರ ಇರುತ್ತದೆ, ನೋಡುವುದಕ್ಕೆ ಆಗುವುದಿಲ್ಲ.

ಆದರೆ ರಕ್ತ ತೋರಿಸುವ ಸಕ್ಕರೆ ಮಾತ್ರ ಇಳಿಯಲಿಲ್ಲ. ಮಾತ್ರೆ ನುಂಗಿಯೂ ಇಳಿಯದಿದ್ದರೆ ಮಾತ್ರೆ ಸಾಲದು ಎಂದರ್ಥ. ಮೇಡಂ ಕಟ್ಟಿದ ಶೀಟುಗಳನ್ನು ನೋಡಿದ ಆಸ್ಪತ್ರೆಯ ಡಾಕ್ಟರು ಕೆಲವರಿಗೆ ಇನ್ನೊಂದು ಜೋರಾದ ಮಾತ್ರೆ ಸೇರಿಸಿದರು. ಅವರಲ್ಲಿ ಗಿರಿಜಕ್ಕ ಒಬ್ಬಳು, ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವವಳು. ಅವಳೂ ಹಳೆಯದು, ಹೊಸದು ಎರಡನ್ನೂ ಒತ್ತಿ ಒತ್ತಿ ಎಸೆಯುತ್ತಿದ್ದಳು.

ಕೊಯ್ಲು ಶುರುವಾದ ಒಂದು ಸೋಮವಾರ, ಮೇಡಂ ಅಷ್ಟು ದೂರದಿಂದ ಬರುತ್ತಾರೆ, ಪಾಪ, ಇವತ್ತಿನಿಂದಾದರೂ ನಿಯತ್ತಾಗಿ ನುಂಗೋಣ ಅಂತ ಗಿರಿಜಕ್ಕನಿಗೆ ಅನ್ನಿಸಿತು. ಎರಡನ್ನೂ ಖಾಲಿ ಹೊಟ್ಟೆಯಲ್ಲಿ ನುಂಗಿ ತೋಟಕ್ಕೆ ಹೋದಳು. ಹತ್ತು ಗಂಟೆಗೆ ಇಳಿಜಾರಿನಲ್ಲಿ, ಬುಟ್ಟಿ ಸೊಂಟದಲ್ಲಿದ್ದ ಹಾಗೇ ಬಿದ್ದಳು. ಮೈಯೆಲ್ಲ ಬೆವರು, ಮಾತಿಲ್ಲ. ಪಕ್ಕದ ಸಾಲಿನವಳೊಬ್ಬಳು ಬುತ್ತಿಯಲ್ಲಿದ್ದ ಬೆಲ್ಲದ ತುಂಡು ಬಾಯಿಗೆ ಹಾಕಿ ತಿಕ್ಕಿದ್ದರಿಂದ ಕಣ್ಣು ಬಿಟ್ಟಳು.

ಆ ವಾರ ಬಂದ ಮೇಡಂ ಎದುರು ಗಿರಿಜಕ್ಕ, "ಬೆಲ್ಲ ಮುಟ್ಬೇಡ ಅಂದೋರು ನೀವು. ಬೆಲ್ಲ ತಿಂದು ಬದುಕಿದೋಳು ನಾನು" ಅಂದಳು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ತಿಂಗಳುಗಟ್ಟಲೆ ನುಂಗುತ್ತಿರುವ ಮಾತ್ರೆ, ಇದ್ದಕ್ಕಿದ್ದ ಹಾಗೆ ಒಂದು ಸೋಮವಾರ ಮಾತ್ರ ಹೇಗೆ ಬೀಳಿಸುತ್ತದೆ? ಎಲ್ಲರನ್ನೂ ಕಳಿಸಿ, ಶೀಟಿನ ಕಟ್ಟುಗಳನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರು. ಕೊಠಡಿಯ ಬೀಗ ನನ್ನ ಹತ್ತಿರ ಇದ್ದುದರಿಂದ ನಾನು ಉಳಿದೆ.

"ಮೇಷ್ಟ್ರೇ, ದಿನಾ ಒಂದೊಂದು ನುಂಗೋರ ಶೀಟು ಹೀಗಿರಲ್ಲ" ಅಂದರು, ತಲೆಯೆತ್ತದೆ. "ಅದು ಜೇಬಲ್ಲಿ ಮಡಚಿ ಬಂದಿರುತ್ತೆ. ಅರ್ಧ ಕತ್ತರಿಸಿರ್ತಾರೆ. ಕಾಫಿ ಕಲೆ ಇರುತ್ತೆ. ಇವೆಲ್ಲ ಈಗ ತಾನೇ ಅಂಗಡಿಯಿಂದ ಬಂದಂಗಿವೆ. ಒಂದೇ ಕೂತಲ್ಲಿ ಒತ್ತಿರೋದು." ಅವುಗಳಲ್ಲಿ ಎಲ್ಲಕ್ಕಿಂತ ನೀಟಾದ ಒಂದನ್ನು ಬೆರಳಲ್ಲಿ ನನ್ನ ಕಡೆ ಸರಿಸಿದರು. "ಇದು ನಿಮ್ಮದು."

ನಕಲು ಮಾಡಿದ ಉತ್ತರಪತ್ರಿಕೆಯನ್ನು ನಾನೂ ಹೀಗೇ ಹಿಡಿಯುತ್ತಿದ್ದೆ. ಚಿತ್ತು ಕಾಟು ಇಲ್ಲದ ಪತ್ರಿಕೆ ಎಂದರೆ ಅನುಮಾನ. ಹಿಡಿದ ಮೇಲೆ ಮಕ್ಕಳು ಹೇಗೆ ನಿಲ್ಲುತ್ತಿದ್ದರೋ ಹಾಗೆ ನಿಂತು, ಸನ್ಮಾನದಿಂದ ಶೇಷಪ್ಪನವರೆಗೆ ಎಲ್ಲ ಹೇಳಿದೆ. ಮೇಡಂ ಬೈಯಲಿಲ್ಲ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಬಸ್ಸಿನಲ್ಲಿ ಮಲಗಿದ ಹಾಗೆಯೇ ಇದ್ದರು.

ಆಗ ನಾನು, ಹೆಡ್ ಮೇಷ್ಟ್ರು, ಈ ಮಾತು ಹೇಳಿದೆ: "ಮೇಡಂ, ಇದು ನಿಮಗೂ ನಮಗೂ ಬಿಟ್ಟು ಯಾರಿಗೆ ಗೊತ್ತು? ಶೀಟು ಖಾಲಿ ಇದೆ ತಾನೆ? ಇದ್ದದ್ದನ್ನೇ ಬರೆದು ಕಳಿಸಿಬಿಡಿ. ಅವಧಿ ಮುಗೀತಾ ಬಂತಲ್ಲ ನಿಮ್ದು."

"ಬರೆದ್ರೆ ಓದ್ತಾರಲ್ಲ ಮೇಷ್ಟ್ರೇ" ಅಂದರು ಕಣ್ಣು ತೆರೆಯದೆ. "ಓದಿದೋರು, ಆ ಬೆಟ್ಟದ ಜನಕ್ಕೆ ಇಷ್ಟು ಮಾತ್ರೆ ಸಾಲದು ಅಂತ ಇನ್ನೂ ಏರಿಸ್ತಾರೆ. ಎಲ್ಲಾ ಗಿರಿಜಕ್ಕಂದಿರ ಪಕ್ಕದಲ್ಲೂ ಬೆಲ್ಲ ಇಟ್ಕೊಂಡೋರು ಇರ್ತಾರಾ?"

ಅವರು ಕಣ್ಣು ತೆರೆದರು. ಅಭ್ಯಾಸಬಲ, ಕಣ್ಣು ನೇರ ನನ್ನ ಕಾಲಿಗೇ ಹೋಯಿತು. ಚಳಿಗೆಂದು ಆ ತಿಂಗಳಿಡೀ ಸಾಕ್ಸ್ ಹಾಕುತ್ತಿದ್ದೆ.

"ಸಾಕ್ಸ್ ತೆಗೀರಿ."

"ಅದೇನಿಲ್ಲ ಮೇಡಂ, ಚಳಿಗೆ..."

"ಮೇಷ್ಟ್ರೇ, ತೆಗೀರಿ."

ಎಡಗಾಲಿನ ಕಿರುಬೆರಳಿನ ಹತ್ತಿರ ಸಾಕ್ಸ್ ಅಂಟಿಕೊಂಡಿತ್ತು. ಬಚ್ಚಲೊಲೆಯ ಮುಂದೆ ಕಾಲು ಕಾಯಿಸುತ್ತ ಕೂರುವುದು ನನ್ನ ಸುಖಗಳಲ್ಲಿ ಒಂದು. ಯಾವತ್ತೋ ಸುಟ್ಟಿದೆ. ಚರ್ಮ ಹೋಗಿ ಕೀವಾಗಿ, ಪಕ್ಕದ ಬೆರಳು ಕಪ್ಪಗಾಗತೊಡಗಿತ್ತು. ನನಗೆ ಒಂದಿಷ್ಟೂ ನೋವಿರಲಿಲ್ಲ. ಅದನ್ನೇ ಹೆಮ್ಮೆಯಿಂದ ಹೇಳಿದೆ. "ಅದೇ ಕಾಯಿಲೆ" ಅಂದ ಮೇಡಂ, ಹರಡಿದ್ದ ಶೀಟುಗಳನ್ನು ಕೊಟ್ಟೆಗೆ ತುಂಬಿ, ನನ್ನನ್ನು ಅದೇ ಮಧ್ಯಾಹ್ನದ ಬಸ್ಸಿಗೆ ಹತ್ತಿಸಿದರು. ಚಿಕ್ಕಮಗಳೂರಿನವರೆಗೂ ನನ್ನ ಪಕ್ಕ ಕೂತು ನಿದ್ದೆ ಮಾಡಿದರು. ಪ್ರತಿ ತಿರುವಿನಲ್ಲೂ ಅವರ ತಲೆ ಕಿಟಕಿಗೆ ಬಡಿಯುತ್ತಿತ್ತು, ಎಚ್ಚರವಾಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆ. ಇನ್ನೊಂದು ವಾರ ತಡವಾಗಿದ್ದರೆ ಎರಡು ಬೆರಳು ತೆಗೆಯಬೇಕಾಗಿತ್ತು ಅಂದರು ಡಾಕ್ಟರು.

ಅಷ್ಟರಲ್ಲಿ ಮೇಡಂ ತಮ್ಮ ಗೈಡ್‌ಗೆ ಪತ್ರ ಬರೆದಿದ್ದರು: ಈವರೆಗಿನ ಮಾಹಿತಿಯೆಲ್ಲ ನಂಬಲರ್ಹವಲ್ಲ, ಮೊದಲಿಂದ ಶುರುಮಾಡುತ್ತೇನೆ. ಏರಿಸಿದ್ದ ಮಾತ್ರೆಗಳನ್ನು ಡಾಕ್ಟರಿಗೆ ಹೇಳಿ ಇಳಿಸಿದ್ದರು. ಖಾಲಿ ಶೀಟಿನ ನಿಯಮ ರದ್ದಾಯಿತು. "ಮಾತ್ರೆ ನುಂಗಿದ್ರಾ?" ಅಂತ ಕೇಳುವುದನ್ನೂ ಬಿಟ್ಟರು, ನಮ್ಮ ಕಡೆ ದೂರದಿಂದ ಬಂದವರಿಗೆ ಇಲ್ಲ ಅನ್ನುವುದು ಮರ್ಯಾದೆಯಲ್ಲ ಎಂದು ಅವರಿಗೆ ಅರ್ಥವಾಗಿತ್ತು. ಅದರ ಬದಲು, "ಯಾವತ್ತು ನುಂಗೋಕೆ ಕಷ್ಟ ಆಯ್ತು?" ಅಂತ ಕೇಳತೊಡಗಿದರು.

ಮೂರು ತಿಂಗಳು ಯಾರೂ ಬಾಯಿ ಬಿಡಲಿಲ್ಲ. ನಾಲ್ಕನೇ ತಿಂಗಳು ಗಿರಿಜಕ್ಕ ಕಿಟಕಿಯ ಕಡೆ ತಿರುಗಿಕೊಂಡು ಹೇಳಿದಳು: "ಅದು ನುಂಗಿದ್ರೆ ಹೊಟ್ಟೆ ಕೆಡ್ತದೆ ಮೇಡಂ. ತೋಟದಲ್ಲಿ ಎಲ್ಲಿಗೆ ಹೋಗೋದು? ಸುತ್ತ ಗಂಡಸರು." ಬೆಂಚಿನ ಮೇಲಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿದರು. ನನ್ನ ಸನ್ಮಾನದ ಕಥೆಯೇ. ನನಗೆ ವೇದಿಕೆಯ ಹಿಂದೆ ಒಂದು ಬಾಗಿಲಾದರೂ ಇತ್ತು.

ಮೇಡಂ ಡಾಕ್ಟರ ಜೊತೆ ಮಾತಾಡಿ, ನಿಧಾನವಾಗಿ ಕರಗುವ ಜಾತಿಯ ಮಾತ್ರೆಯನ್ನು ರಾತ್ರಿ ಊಟದ ಜೊತೆಗೆ ಬದಲಿಸಿದರು. ತೋಟದಲ್ಲಿ ಹೆಂಗಸರಿಗೊಂದು ಕಕ್ಕಸು ಬೇಕೆಂದು ಸಾಹುಕಾರರಿಗೆ ಅರ್ಜಿಯನ್ನೂ ಕೊಟ್ಟರು. ಸಾಹುಕಾರರು ನೋಡೋಣ ಅಂದರು. ನೋಡುತ್ತಿದ್ದಾರೆ. ಮಾತ್ರೆ ಮಾತ್ರ ಹೊಟ್ಟೆಗೆ ಹೋಗತೊಡಗಿತು, ಸಕ್ಕರೆ ಇಳಿಯತೊಡಗಿತು. ಅದನ್ನೆಲ್ಲ ಬರೆದು ಮುಗಿಸುವ ಮೊದಲೇ ವಿಶ್ವವಿದ್ಯಾಲಯದ ಅವಧಿ ಮುಗಿಯಿತು. ಇನ್ನೊಂದು ಅವಕಾಶ ಕೇಳಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ.

"ಇನ್ನೇನು ಮೇಡಂ?" ಅಂತ ಕೇಳಿದೆ.

"ಇನ್ನೇನು, ಮುಂದಿನ ತಿಂಗಳು ಎರಡನೇ ಶನಿವಾರ" ಅಂದರು. ಬಂದರು. ಈಗಲೂ ಬರುತ್ತಾರೆ.

ಕಳೆದ ಸಲ ತಮ್ಮ ವಿದ್ಯಾರ್ಥಿಗಳನ್ನೂ ಕರೆತಂದಿದ್ದರು. ನನ್ನ ಕರಿಹಲಗೆಯ ಮುಂದೆ ನಿಂತು ಎರಡು ಶೀಟು ಎತ್ತಿ ಹಿಡಿದರು. ಒಂದು ಮಡಚಿ, ಮುದುಡಿ, ಕಾಫಿ ಕಲೆಯಾಗಿದ್ದ ಗಿರಿಜಕ್ಕನ ಹೊಸ ಶೀಟು. ಇನ್ನೊಂದು ನೀಟಾದದ್ದು. "ಇದರಲ್ಲಿ ಯಾವ ರೋಗಿ ಔಷಧಿ ತಗೊಂಡಿದಾರೆ?" ಎಂದು ಕೇಳಿದರು. ಎಲ್ಲರೂ ನೀಟಾದದ್ದನ್ನೇ ತೋರಿಸಿದರು. ಹೆಸರು ಹೇಳದೆ, "ಇವರು ಬಹಳ ದೊಡ್ಡ ಮನುಷ್ಯರು, ಗೌರವದಿಂದ ಅನುಮಾನ ಪಡಬೇಕು" ಅಂದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಗಂಭೀರವಾಗಿ ತಲೆಯಾಡಿಸಿದೆ. ಪಾಠ ಮುಗಿದ ಮೇಲೆ ಹತ್ತಿರ ಬಂದು, ಬಗ್ಗಿ ನನ್ನ ಕಾಲು ನೋಡಿದರು.

ಅವರ ಹೆಸರಿನ ಹಿಂದೆ ಡಾಕ್ಟರ್ ಎಂದು ಬರಲಿಲ್ಲ. ನನ್ನ ಎರಡು ಕಾಲಿನಲ್ಲಿ ಒಟ್ಟು ಹತ್ತು ಬೆರಳುಗಳಿವೆ.