ಕುಂಕುಮವಲ್ಲದ ಎಂಟು ಚುಕ್ಕೆ

ಪಟ್ಟಂದೂರು ಅಗ್ರಹಾರದಿಂದ ಪೀಣ್ಯಕ್ಕೆ ಮೂವತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಸೋಮವಾರ ಬೆಳಿಗ್ಗೆ ಆ ದಾರಿ ಹಿಡಿಯುವವನಿಗೆ ತಲೆ ಕೆಟ್ಟಿರಬೇಕು. ನಾನು ಸೋಮವಾರವೇ, ಏಳು ಗಂಟೆಗೆ, ಒಬ್ಬನೇ ಹೊರಟೆ. ಇನ್ನೊಂದು ದಿನ ತಡಮಾಡಿದರೆ ಹೋಗುವುದೇ ಇಲ್ಲ ಎಂದು ನನಗೆ ಗೊತ್ತಿತ್ತು.

ಹಿಂದಿನ ದಿನ ವರ್ತೂರು ಕೆರೆ ಕೋಡಿಯ ಸೇತುವೆ ಮೇಲೆ, ನಾನು ನೆಟ್ಟಗೆ ಹಿಡಿದಿದ್ದರೂ ಕಾರು ಎಡಕ್ಕೆ ಸರಿದು ತಡೆಗೋಡೆಗೆ ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ ಹೋಗಿತ್ತು. ಹೆಂಡತಿ ಪಕ್ಕದಲ್ಲಿದ್ದಳು. ಮನೆ ಮುಟ್ಟಿದ ಮೇಲೆ, "ಮುನಿರಾಜು ಹೇಳ್ತಿದ್ದದ್ದು ಇದನ್ನೇ ಅಲ್ವಾ?" ಎಂದು ಕೇಳಿ ಒಳಗೆ ಹೋದಳು.

ಮುನಿರಾಜು ಐದು ವರ್ಷ ನಮ್ಮ ಡ್ರೈವರಾಗಿದ್ದವನು. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ನಮ್ಮ ಬಾಡಿಗೆ ಮನೆಗಳಿವೆ. ಜೊತೆಗೆ ಹನ್ನೆರಡು ವರ್ಷದ ಈ ಡೀಸೆಲ್ ಕಾರನ್ನು ಪಕ್ಕದ ಟೆಕ್ ಪಾರ್ಕಿನ ಕ್ಯಾಂಟೀನಿನವರಿಗೆ ಬಾಡಿಗೆಗೆ ಬಿಟ್ಟಿದ್ದೆ. ಸ್ಟೇರಿಂಗ್ ಸಡಿಲವಾಗಿದೆ ಎಂದು ಅವನು ನಾಲ್ಕು ಸಲ ಹೇಳಿದ್ದ. ನಾಲ್ಕು ಸಲವೂ ನಾನು, "ಹಳೇ ಗಾಡಿ ಅಂದ್ಮೇಲೆ ಅಷ್ಟಾದ್ರೂ ಇರತ್ತೆ, ಬಿಡೋ" ಎಂದಿದ್ದೆ. ಏಳು ತಿಂಗಳ ಹಿಂದೆ ಒಂದು ಬೆಳಿಗ್ಗೆ ಕಾರು ಪಾರ್ಕಿನ ಗೇಟಿಗೆ ಗುದ್ದಿ ಅಲ್ಲಿನ ಕಬ್ಬಿಣದ ಕಂಬ ಬಗ್ಗಿತು. ಯಾರಿಗೂ ಏಟಾಗಲಿಲ್ಲ. ಸೆಕ್ಯೂರಿಟಿಯವರು ನನ್ನನ್ನು ಕರೆಸಿ ಕೇಳಿದಾಗ ಮುಖ ಉಳಿಸಿಕೊಳ್ಳಲು ಏನಾದರೂ ಹೇಳಬೇಕಿತ್ತು. ಗೇಟಿನೆದುರಿನ ಟೀ ಅಂಗಡಿಯಲ್ಲಿ ಡ್ರೈವರುಗಳೆಲ್ಲ ನಿಂತಿದ್ದರು. ಅವರೆದುರಿಗೇ, "ಬೆಳಬೆಳಿಗ್ಗೇನೇ ಕುಡ್ದು ಓಡಿಸ್ತೀಯೇನೋ?" ಎಂದು ಕೂಗಿ ಕೀ ಕಿತ್ತುಕೊಂಡೆ. ಅವನ ಬಾಯಿಂದ ಯಾವ ವಾಸನೆಯೂ ಬಂದಿರಲಿಲ್ಲ. ಅದು ಆಗಲೇ ನನಗೆ ಗೊತ್ತಿತ್ತು.

ನಮ್ಮ ಕಡೆ ಡ್ರೈವರ್ ಬೇಕಾದ ಓನರು ಮೊದಲು ಹೋಗಿ ವಿಚಾರಿಸುವುದು ಆ ಟೀ ಅಂಗಡಿಯಲ್ಲಿ. ಅಲ್ಲಿ ಬಿದ್ದ ಮಾತು ಮಾರತ್ತಹಳ್ಳಿಗೂ ಹೋಗುತ್ತದೆ, ಹೊಸೂರು ರಸ್ತೆಗೂ ಹೋಗುತ್ತದೆ. ಆಮೇಲೆ ಮುನಿರಾಜುವಿಗೆ ಯಾರೂ ಗಾಡಿ ಕೊಡಲಿಲ್ಲವಂತೆ. ಮನೆ ಖಾಲಿ ಮಾಡಿ ಚಂದಾಪುರಕ್ಕೆ ಹೋದನೆಂದು ಕೇಳಿದ್ದೆ. ನಾನು ಕಾರಿನ ಮುಂಭಾಗಕ್ಕೆ ಬಣ್ಣ ಹೊಡೆಸಿ ಮನೆ ಮುಂದೆ ನಿಲ್ಲಿಸಿಕೊಂಡೆ.

ಹೆಬ್ಬಾಳದವರೆಗೆ ಎರಡು ಗಂಟೆ ಹಿಡಿಯಿತು. ಅಲ್ಲೊಂದು ಕಡೆ ಇಡ್ಲಿ ತಿಂದೆ. ಚಟ್ನಿ ಹಳಸುವುದರಲ್ಲಿತ್ತು, ತಿನ್ನುವವನಿಗೂ ರುಚಿಯ ಕಡೆ ಗಮನವಿರಲಿಲ್ಲ. ಗೊರಗುಂಟೆಪಾಳ್ಯ ದಾಟಿದ ಮೇಲೆ ರಸ್ತೆಯ ನಡುವೆ ಮೆಟ್ರೋ ಕಂಬಗಳ ಸಾಲು, ಸಿಮೆಂಟಿನ ಧೂಳು, ಲಾರಿ. ನಾನು ಮೂವತ್ತರ ಮೇಲೆ ಹೋಗಲಿಲ್ಲ. ಸ್ಟೇರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿದ್ದುತ್ತಲೇ ಇರಬೇಕಾಗಿತ್ತು. ಇದೇ ಕಾರಿನಲ್ಲಿ ಮುನಿರಾಜು ದಿನಕ್ಕೆ ನಾಲ್ಕು ಟ್ರಿಪ್ ಹೊಡೆಯುತ್ತಿದ್ದ.

ಹಳೆಯ ಗಾಡಿಗಳ ಸ್ಟೇರಿಂಗ್ ಭಾಗಗಳನ್ನು ಲೇತಿನಲ್ಲಿ ಕಡೆದು ಕೂರಿಸುವ ನಂಜುಂಡಾಚಾರ್ರ ಶೆಡ್ಡು ಪೀಣ್ಯದ ಎರಡನೇ ಹಂತದಲ್ಲಿದೆ. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಅವರು ಬಾನೆಟ್ಟು ತೆಗೆಯಲಿಲ್ಲ, ಜಾಕ್ ಹಾಕಲಿಲ್ಲ. ಕಾರನ್ನು ಶೆಡ್ಡಿನ ನೆಲದಲ್ಲಿದ್ದ ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿ ಎಂಜಿನ್ ಆರಿಸಲು ಹೇಳಿ ಕೆಳಗಿಳಿದರು.

"ಸ್ಟೇರಿಂಗ್ ಸ್ವಲ್ಪ ಅಲ್ಲಾಡ್ಸ್ತಾ ಇರಿ ಸಾರ್. ಜೋರಾಗಿ ಬೇಡ, ತೊಟ್ಲು ತೂಗ್ದಂಗೆ."

ನಾನು ತೂಗಿದೆ. ಅವರು ಕೆಳಗೆ ಒಂದೊಂದೇ ಕೀಲಿನ ಮೇಲೆ ಕೈಯಿಟ್ಟು ನೋಡುತ್ತಾ ಹೋದರು. ಐದು ನಿಮಿಷದ ನಂತರ ಮೇಲೆ ಬಂದು, ಕಿಟಕಿಯಲ್ಲಿ ತಲೆ ಹಾಕಿ, ಸ್ಟೇರಿಂಗಿನ ಹಿಂದೆ ಡ್ಯಾಶ್‌ಬೋರ್ಡಿನ ಅಂಚಿನ ಮೇಲಿದ್ದ ಕೆಂಪು ಚುಕ್ಕೆಗಳನ್ನೇ ನೋಡುತ್ತ ನಿಂತರು.

"ಇದನ್ನ ಯಾರು ಹಾಕಿದ್ದು?"

"ಆಯುಧಪೂಜೆ ಕುಂಕುಮ ಇರ್ಬೇಕು," ಎಂದೆ. ತಿಂಗಳುಗಟ್ಟಲೆ ನಾನು ಹಾಗೆಯೇ ತಿಳಿದಿದ್ದೆ. ದೂರ ಹೊರಡುವಾಗ ಅವಕ್ಕೆ ಕೈ ಮುಗಿದದ್ದೂ ಉಂಟು.

ಆಚಾರ್ರು ಉಗುರಿನಿಂದ ಕೆರೆದರು. ಚುಕ್ಕೆ ಹೋಗಲಿಲ್ಲ. "ಕುಂಕುಮ ಅಲ್ಲ ಸಾರ್, ಹೆಣ್ಮಕ್ಕಳು ಉಗುರಿಗೆ ಹಚ್ತಾರಲ್ಲ, ಆ ಬಣ್ಣ. ಇಲ್ನೋಡಿ, ಸ್ಟೇರಿಂಗ್ ನೆತ್ತಿ ಮೇಲೂ ಒಂದು ಗೀರಿದೆ. ಚಕ್ರ ಅಲ್ಲಾಡದೆ ಸ್ಟೇರಿಂಗ್ ಒಂದೇ ಎಷ್ಟು ದೂರ ತಿರ್ಗತ್ತೆ ಅಂತ ಎರಡೂ ಕಡೆ ಗುರುತು ಹಾಕವ್ರೆ. ಮೊದಲ್ನೇ ಜೋಡಿ ಎರಡು ಬೆರಳು ಅಗಲ. ಆಮೇಲೆ ಮೂರು. ಆಮೇಲೆ ನಾಲ್ಕು. ಕೊನೇದು ಒಂದ್ ಅಂಗೈ. ಬಿಟ್ಟು ಬಿಟ್ಟು ನಾಲ್ಕು ಸಲ ಅಳೆದವ್ರೆ."

ನಾಲ್ಕು ಜೋಡಿ, ಎಂಟು ಚುಕ್ಕೆ.

"ನೀವೂ ಬನ್ನಿ, ಮುಟ್ಟಿ ನೋಡಿ," ಎಂದರು ಆಚಾರ್ರು. ಇಸ್ತ್ರಿ ಮಾಡಿದ ಅಂಗಿಯಲ್ಲೇ ಗುಂಡಿಗಿಳಿದೆ. ಈಗ ಅವರು ಮೇಲೆ ಕೂತು ತೂಗಿದರು. ಅವರು ತೋರಿಸಿದ್ದ ಕೀಲಿನ ಮೇಲೆ ಹೆಬ್ಬೆರಳಿಟ್ಟೆ. ಒಂದೊಂದು ಸಲ ತೂಗಿದಾಗಲೂ ಅದು ಟಕ್ ಎಂದು ಬೆರಳಿಗೆ ಬಡಿಯಿತು. ಮುನಿರಾಜು ನಾಲ್ಕು ಸಲ ನನಗೆ ಹೇಳಿದ್ದು ಇದನ್ನೇ. ಅಷ್ಟು ಹೊತ್ತು ತಡೆದಿದ್ದ ನಾಚಿಕೆ ಆ ಗುಂಡಿಯಲ್ಲಿ ನನ್ನನ್ನು ಪೂರ್ತಿ ಹಿಡಿಯಿತು.

"ಒಳ್ಳೆ ಡ್ರೈವರ್. ಈಗೆಲ್ಲವ್ರೆ?" ಎಂದು ಆಚಾರ್ರು ಕೇಳಿದರು. ಚಂದಾಪುರದಲ್ಲಿ ಎಂದಷ್ಟೇ ಹೇಳಿದೆ. ಸವೆದ ಎರಡು ಕೀಲು ಬದಲಿಸಿ, ಒಂದಕ್ಕೆ ಬುಷ್ ಎಂಬ ಹೊಸ ಲೋಹದ ಬಳೆ ಕಡೆದು ಹಾಕುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಯಿತು. ಹೊರಡುವ ಮೊದಲು ಅವರು ಥಿನ್ನರ್ ಬಟ್ಟೆಯಿಂದ ಚುಕ್ಕೆಗಳನ್ನು ಒರೆಸಲು ಬಂದರು. ಬೇಡ ಎಂದು ಕೈ ಅಡ್ಡ ಹಿಡಿದೆ.

ಮನೆಯ ದಾರಿ ಬಿಟ್ಟು ತುಮಕೂರು ರಸ್ತೆಯಿಂದ ಟೋಲ್ ರಸ್ತೆಗೆ ಇಳಿದೆ. ಚಂದಾಪುರವಿರುವ ಹೊಸೂರು ರಸ್ತೆ ಸೇರಲು ನಲವತ್ತು ಕಿಲೋಮೀಟರು. ಬಿಸಿಲು ಚುರುಗುಟ್ಟುತ್ತಿತ್ತು. ಕಾರು ಗೆರೆ ಎಳೆದಂತೆ ಓಡಿತು. ಬೇರೆ ದಿನವಾಗಿದ್ದರೆ ಖುಷಿಪಡುತ್ತಿದ್ದೆ.

ಚಂದಾಪುರದಲ್ಲಿ ಮನೆ ಹುಡುಕಲು ಅರ್ಧ ಗಂಟೆ ಬೇಕಾಯಿತು. ಶೀಟು ಹೊದಿಸಿದ ಆರು ಮನೆಗಳ ವಠಾರ. ಮುನಿರಾಜು ಕಾರ್ಖಾನೆಯೊಂದರಲ್ಲಿ ಪೆಟ್ಟಿಗೆ ಹೊರುವ ಕೆಲಸದ ಮೊದಲ ಪಾಳಿ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ. ನನ್ನನ್ನು ನೋಡಿ "ಬನ್ನಿ" ಎಂದ. ಮೊದಲಾಗಿದ್ದರೆ "ಬನ್ನಿ ಅಣ್ಣ" ಅನ್ನುತ್ತಿದ್ದ.

"ಸ್ಟೇರಿಂಗ್ ಲೂಸಿತ್ತು ಕಣಪ್ಪ. ಇವತ್ತು ಗೊತ್ತಾಯ್ತು. ತಪ್ಪು ನಂದು," ಎಂದೆ.

"ನಂಗೆ ಆವತ್ತೇ ಗೊತ್ತಿತ್ತಲ್ಲ."

ಅವನ ಹೆಂಡತಿ ಯಶೋದ ಬಾಗಿಲಲ್ಲಿ ನಿಂತಿದ್ದಳು. "ಇವ್ರು ಕುಡ್ಯೋರಲ್ಲ ಅಂತ ನಾನ್ ಎಷ್ಟ್ ಜನಕ್ಕೆ ಏಳ್ಲಿ ಯಜಮಾನ್ರೇ? ನಮ್ಮಣ್ಣನೇ ನಂಬ್ನಿಲ್ಲ." ಅಷ್ಟು ಹೇಳಿ ನನಗೆ ನೀರು ತಂದುಕೊಟ್ಟಳು.

ಮತ್ತೆ ಕೆಲಸಕ್ಕೆ ಬಾ ಎಂದು ಕೀ ಮುಂದೆ ಹಿಡಿದೆ. ಅವನು ಮುಟ್ಟಲಿಲ್ಲ.

"ಕೆಲ್ಸ ಅಂಗಿರ್ಲಿ. ಗೇಟತ್ರ ಅಂದಿದ್ದನ್ನ ಇಲ್ಲಿ ಬಂದು ವಾಪಸ್ ತಗಂಡ್ರೆ ಯಾರ್ಗೆ ಕೇಳುಸ್ತದೆ? ಅಲ್ಲೇ ಬಂದ್ ಏಳಿ. ನಾನೂ ಬತ್ತೀನಿ."

ದೊಮ್ಮಸಂದ್ರದ ಮೇಲೆ ವಾಪಸು ಹೊರಟೆವು. ಅವನು ಎಡಗಡೆ ಸೀಟಿನಲ್ಲಿ ಕೂತ. ಇಪ್ಪತ್ತೈದು ಕಿಲೋಮೀಟರಿನಲ್ಲಿ ಅವನು ಮಾತಾಡಿದ್ದು ಒಂದೇ ಸಲ. ವರ್ತೂರು ಕೋಡಿಯಲ್ಲಿ ಕೆರೆಯ ಕೊಳಚೆ ನೊರೆಯ ನಾತಕ್ಕೆ ಗಾಜು ಏರಿಸಿಕೊಂಡು ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ, ಕೈ ಚಾಚಿ ಎರಡು ಬೆರಳಿನಿಂದ ಸ್ಟೇರಿಂಗ್ ತೂಗಿ ನೋಡಿದ. ನೆತ್ತಿಯ ಗೀರು ಮೊದಲ ಜೋಡಿ ಚುಕ್ಕೆಯ ಒಳಗೇ ನಿಂತಿತು. "ಈಗ್ ಸರಿಯಾಗದೆ," ಎಂದ.

ಗೇಟು ತಲುಪಿದಾಗ ಆರು ಗಂಟೆ. ಟೀ ಅಂಗಡಿಯಲ್ಲಿ ಹತ್ತು ಹನ್ನೆರಡು ಡ್ರೈವರುಗಳಿದ್ದರು. ಬೆಂಚಿನ ಪಕ್ಕ ನಿಂತು, ಆವತ್ತು ಕೂಗಿದಷ್ಟೇ ಜೋರಾಗಿ ಹೇಳಿದೆ: "ಮುನಿರಾಜು ಆವತ್ತು ಕುಡಿದಿರ್ಲಿಲ್ಲ. ಗಾಡಿ ಸ್ಟೇರಿಂಗ್ ಹೋಗಿತ್ತು. ಅವ್ನು ಹೇಳಿದ್ರೂ ನಾನು ಮಾಡಿಸ್ಲಿಲ್ಲ. ಸುಳ್ಳು ಹೇಳಿದ್ದು ನಾನು."

ಕೆಲವರು ಪಕ್ಕದವರನ್ನು ನೋಡಿದರು. ಒಬ್ಬ ಹಿಂದಿಯಲ್ಲಿ ಏನಾಯಿತೆಂದು ವಿಚಾರಿಸಿದ. ಟೀ ಅಂಗಡಿಯ ಗೋಪಾಲ ಒಲೆ ಸಣ್ಣ ಮಾಡಿ ನನ್ನ ಹತ್ತಿರ ಬಂದ. "ಅಣ್ಣ, ಇವ್ರೆಲ್ಲ ಹೊಸಬ್ರು. ಹಳಬ್ರ ಕಾಂಟ್ರಾಕ್ಟ್ ಮುಗೀತಲ್ಲ, ಯಾರ್ಯಾರು ಎಲ್ಲೆಲ್ಲಿ ಹೋದ್ರೋ. ಆವತ್ತಿನವರು ಅಂದ್ರೆ ನಾನು, ಆ ಮಂಜ, ಇಬ್ರೇ."

ಮುನಿರಾಜು ಮಂಜನ ಕಡೆಗೊಮ್ಮೆ ನೋಡಿದ. ಆಮೇಲೆ ನನಗೆ ಹೇಳಿದ: "ಆವತ್ತು ಏಳ್ ಜನ ಇದ್ರು. ಒಬ್ಬೊಬ್ರು ಮುಖಾನೂ ನೆಪ್ಪದೆ. ಇನ್ನೂ ಐದ್ ಜನ."

ಅವನು ಟೀ ಕುಡಿದ, ದುಡ್ಡು ತಾನೇ ಕೊಟ್ಟ. ಮನೆತನಕ ಬಿಡುತ್ತೇನೆಂದರೆ ಬೇಡವೆಂದು ಬಸ್ ಸ್ಟಾಪಿನ ಕಡೆ ನಡೆದ. ಕಾರು ತಿರುಗಿಸುವಾಗ ಕನ್ನಡಿಯಲ್ಲಿ ನೋಡಿದೆ. ಜನರ ನಡುವೆ ಬ್ಯಾಗು ಎದೆಗವಚಿಕೊಂಡು ನಿಂತಿದ್ದ, ನನ್ನ ಕಡೆ ತಿರುಗಲಿಲ್ಲ.

ನೂರು ಕಿಲೋಮೀಟರಿನ ಒಂದು ದಿನದ ಓಡಾಟವನ್ನು ಪ್ರವಾಸವೆಂದು ಪತ್ರಿಕೆಗೆ ಬರೆಯುವುದು ಹಾಸ್ಯಾಸ್ಪದವೇ. ಆದರೆ ಆ ಐದು ಜನರನ್ನು ಹುಡುಕಲು ನನಗೆ ಬೇರೆ ದಾರಿ ತೋಚಲಿಲ್ಲ. ಟೆಕ್ ಪಾರ್ಕಿನ ಗೇಟಿನಲ್ಲಿ ಆ ಬೆಳಿಗ್ಗೆ ಟೀ ಕುಡಿಯುತ್ತಿದ್ದವರಲ್ಲಿ ಯಾರಾದರೂ ಇದನ್ನು ಓದಿದರೆ, ಈಗ ನೀವಿರುವ ಸ್ಟ್ಯಾಂಡಿನಲ್ಲಿ ದಯವಿಟ್ಟು ಹೇಳಿ. ಮುನಿರಾಜು ಕುಡಿದಿರಲಿಲ್ಲ. ಸ್ಟೇರಿಂಗ್ ಸಡಿಲವಾಗಿತ್ತು.