ಸಂಬಂಧದ ಕಾಲಂನಲ್ಲಿ ನನ್ನ ಹೆಸರು

ಹನ್ನೊಂದು ವರ್ಷದಿಂದ ಮುಖ ನೋಡದ ತಂಗಿಯ ಹೊಟ್ಟೆ ಕೊಯ್ಯಲು ಹೋದ ವಾರ ಅಪ್ಪಣೆ ಕೊಟ್ಟು ಬಂದೆ.

ತಮಾಷೆಯಲ್ಲ. ಮಧುಗಿರಿಯ ಒಂದು ಆಸ್ಪತ್ರೆಯ ಫೈಲಿನಲ್ಲಿ ನನ್ನ ಸಹಿ ಇದೆ. ಸಿದ್ದಗಂಗಮ್ಮ ಎಂಬ ಐದಕ್ಷರ. ಅರವತ್ತು ದಾಟಿದ ಮೇಲೆ ಸಾಕ್ಷರತಾ ಕ್ಲಾಸಿನಲ್ಲಿ ಕಲಿತದ್ದು, ನಿಮಗೆ ಗೊತ್ತೇ ಇದೆ. (ಈ ಅಂಕಣದ ಕಾಗುಣಿತ ಪತ್ರಿಕೆಯವರು ತಿದ್ದುತ್ತಾರೆ. ಮಾತು ನನ್ನದೇ.)

ಸೋಮವಾರ ಬೆಳಗ್ಗೆ ಹುರುಳಿ ಕೇರುತ್ತಿದ್ದೆ. ಫೋನ್ ಬಂತು. "ಅಕ್ಕಾ, ನಾನು ಓಬುಳಮ್ಮ" ಎಂದಿತು ಆ ಕಡೆಯ ದನಿ. ಕಟ್ ಮಾಡಿದೆ.

ಓಬುಳಮ್ಮ ಯಾರು? ನನ್ನ ತಂಗಿ ನಾಗರತ್ನ ಇಪ್ಪತ್ತೆರಡು ವರ್ಷದಿಂದ ಯಾರ ಜೊತೆ ಸಂಸಾರ ಮಾಡುತ್ತಿದ್ದಾಳೋ ಅವಳು. ಹೌದು, ಸಂಸಾರ ಎಂದೇ ಬರೆದೆ. ಹೆಂಗಸಿನ ಜೊತೆ ಹೆಂಗಸು. ಇಷ್ಟು ದಿನ ಇಲ್ಲಿ ನನ್ನ ಮಂಡಿನೋವಿನಿಂದ ಹಿಡಿದು ಸೊಸೆಯ ಸೀರಿಯಲ್ ಹುಚ್ಚಿನವರೆಗೆ ಎಲ್ಲ ಬರೆದಿದ್ದೇನೆ. ತಂಗಿ ಒಬ್ಬಳಿದ್ದಾಳೆ ಎಂದು ಒಂದು ಸಾಲು ಬರೆದಿರಲಿಲ್ಲ. ಗಮನಿಸಿದ್ದಿರಾ?

ಮತ್ತೆ ಫೋನ್ ಬಂತು.

"ಕಟ್ ಮಾಡ್ಬ್ಯಾಡಕ್ಕ. ನಾಗಿಗೆ ಕರುಳು ತಿರುಚ್ಕೊಂಡೈತಂತೆ. ಈಗಿಂದೀಗ್ಲೇ ಆಪರೇಷನ್ ಆಗ್ಬೇಕಂತೆ. ಅವಳಿಗೆ ಗ್ಯಾನ ಇಲ್ಲ. ನಾ ಸಂತಕ ಹಾಕಿದ್ರೆ ನಡೆಯಲ್ವಂತೆ. ನುವ್ವೇ ರಾವಾಲ ಅಕ್ಕಾ."

(ಆಕೆ ಪಾವಗಡದ ಕಡೆಯವಳು. ಗಾಬರಿಯಾದರೆ ಕನ್ನಡದೊಳಗೆ ತೆಲುಗು ನುಗ್ಗುತ್ತದೆ. ನೀನೇ ಬರಬೇಕು ಎಂದಳು. ಸಂತಕ ಎಂದರೆ ಸಹಿ.)

ಬಸ್ ಹತ್ತಿದೆ. ಪ್ರೀತಿ ಉಕ್ಕಿ ಬಂತು ಎಂದುಕೊಳ್ಳಬೇಡಿ. ಇವಳು ಸತ್ತುಗಿತ್ತು ಹೋದರೆ ಊರಿನವರ ಬಾಯಿಗೆ ಏನು ಹೇಳಲಿ ಎಂದು ಹೋದದ್ದು.

ಆಸ್ಪತ್ರೆಯ ಕೌಂಟರಿನಲ್ಲಿ ಒಬ್ಬ ಕ್ಲರ್ಕ್. ಕೆಟ್ಟವನಲ್ಲ, ಕುಡಿಯಲು ನೀರು ಕೊಟ್ಟ.

"ಪೇಷೆಂಟ್‌ಗೆ ಏನಾಗ್ಬೇಕು ನೀವು?"

"ಅಕ್ಕ."

"ಒಡಹುಟ್ಟಿದೋರಾ?"

"ಒಂದೇ ತಾಯಿ ಹೊಟ್ಟೆ."

"ಆಧಾರ್ ಐತಾ? ಹಂಗಾದ್ರೆ ಇಲ್ಲಿ ಸೈನ್ ಮಾಡಿ. ಬೆಳಗಿಂದ ಆಯಮ್ಮನ್ನ ಸಂಬಂಧ ಏನು ಅಂತ ಕೇಳ್ತಾ ಇದೀನಿ, ಒಂದೇ ಒಲೆ ಅಂತಾರೆ. ಒಲೆ ಅಂತ ಕಾಲಂ ಎಲ್ಲೈತೆ ನಮ್ಮತ್ರ?"

ಪೆನ್ನು ಕೈಯಲ್ಲಿ ಹಿಡಿದವಳು ಹಾಗೇ ನಿಂತೆ. ಯಾಕೆ ಎಂದು ಹೇಳುತ್ತೇನೆ.

ಕೊಳಾಲದ ಹತ್ತಿರದ ನಮ್ಮೂರಿನಲ್ಲಿ ಮಾರಮ್ಮನಿಗೆ ತಂಬಿಟ್ಟಿನ ಆರತಿ ಒಲೆಗೊಂದು. ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದರೆ ಎರಡು ಆರತಿ. ಒಂದೇ ಒಲೆಯಲ್ಲಿ ಬೆಂದದ್ದನ್ನು ಹತ್ತು ಜನ ಉಂಡರೂ ಒಂದೇ. ಮನೆಮನೆಗೆ ಹೋಗಿ ಒಲೆ ಎಣಿಸಿ ಬರುವವಳು ನಾನು. ಹನ್ನೊಂದು ವರ್ಷದ ಹಿಂದೆ ನಾಗಿ ಈ ಓಬುಳಮ್ಮನನ್ನು ಕರೆದುಕೊಂಡು ಬಂದು ಅವ್ವನ ಹಳೇ ಮನೆಯಲ್ಲಿ ಒಲೆ ಹಚ್ಚಿದಳು. "ಅಕ್ಕ, ನಮ್ಮದೂ ಒಂದು ಆರತಿ ಬರ್ಕಾ" ಎಂದಳು.

"ಯಾವ ಒಲೆನೇ ನಿಂದು? ಇದು ಒಲೆ ಅಲ್ಲ ಕಣೆ, ಮೂರು ಕಲ್ಲು" ಎಂದೆ. ಬೀದಿಯಲ್ಲಿ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ. ಆ ವಾರವೇ ಇಬ್ಬರೂ ಗಂಟುಮೂಟೆ ಕಟ್ಟಿದರು. ನಾನು ಬಾಗಿಲಿಗೂ ಬರಲಿಲ್ಲ.

ಆ ನಾನು ಈಗ ಸಹಿ ಹಾಕಲು ಅರ್ಹಳು! ತಂಗಿಯನ್ನು ಕೊನೆಯ ಸಲ ಯಾವಾಗ ನೋಡಿದ್ದು ಎಂದು ಯಾರಾದರೂ ಕೇಳಿದರಾ? ಇಲ್ಲ. ಹಾಕಿದೆ. ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತು. ನಡೆಯುತ್ತದೆ ಅಂದ ಕ್ಲರ್ಕ್.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಅಕ್ಕ ಎಂದ ಮೇಲೆ ನನ್ನನ್ನೇ ಕೇಳಬೇಕಲ್ಲ? ಕೇಳಿದರು. ಇವರಿಗೆ ಶುಗರ್ ಇದೆಯಾ? ಯಾವ ಮಾತ್ರೆ? ಯಾವುದಾದರೂ ಔಷಧಿ ಮೈಗೆ ಆಗಲ್ವಾ? ಊಟ ಮಾಡಿದ್ದು ಯಾವಾಗ? ಮೊದಲು ಆಪರೇಷನ್ ಏನಾದರೂ ಆಗಿದೆಯಾ?

ನನಗೆ ಒಂದೂ ಗೊತ್ತಿಲ್ಲ.

ಉತ್ತರ ನನ್ನ ಬೆನ್ನ ಹಿಂದೆ ನಿಂತಿದ್ದ ಓಬುಳಮ್ಮನಿಂದ ಬಂತು. "ಶುಗರ್ ಆರು ವರ್ಷ ಆಯ್ತು ಮೇಡಂ, ಮಾತ್ರೆ ಚೀಟಿ ಇಲ್ಲೈತೆ. ಸಲ್ಫಾ ಮಾತ್ರೆ ಕೊಟ್ರೆ ಮೈಯೆಲ್ಲ ಗಂದೆ ಏಳ್ತೈತೆ. ನೆನ್ನೆ ಮಧ್ಯಾಹ್ನ ಅರ್ಧ ಮುದ್ದೆ ಉಂಡಿದ್ದೇ ಕೊನೆ. ಗರ್ಭಕೋಶ ತೆಗ್ದು ನಾಲ್ಕು ವರ್ಷ."

ಗರ್ಭಕೋಶ ತೆಗೆದಿದ್ದಾರಾ? ಯಾವಾಗ? ಯಾರು ನೋಡಿಕೊಂಡರು? ಯಾರು ಅನ್ನ ಬೇಯಿಸಿಕೊಟ್ಟರು? ಒಡಹುಟ್ಟಿದವಳಿಗೆ ಈ ಸುದ್ದಿ ಗೊತ್ತಾದದ್ದು ಡಾಕ್ಟರಿಗೆ ಗೊತ್ತಾದ ನಿಮಿಷದಲ್ಲೇ.

ಡಾಕ್ಟರಮ್ಮ ಬರೆದುಕೊಂಡು ಒಳಗೆ ಹೋದರು. ಉತ್ತರಕ್ಕೆ ಆಕೆ ಬೇಕು. ಸಹಿಗೆ ನಾನು ಬೇಕು. ಇದು ಯಾವ ಊರ ನ್ಯಾಯ?

ಕ್ಲರ್ಕನ್ನೇ ಕೇಳಿದೆ. "ಎಲ್ಲ ಗೊತ್ತಿರೋಳು ಪಕ್ಕದಲ್ಲೇ ಅವ್ಳಲ್ಲಪ್ಪ, ಅವಳ ಕೈಲಿ ಹಾಕಿಸ್ಕಂಬಾರ್ದಾ?"

ಅವನು ತಲೆ ಎತ್ತದೆ ಹೇಳಿದ: "ಹಾಕಿಸ್ಕಂಬೋದು ಅಜ್ಜಿ. ನಾಳೆ ಹೆಚ್ಚುಕಮ್ಮಿ ಆದ್ರೆ ನೀವೇ ಬಂದು ಮೇಜು ಗುದ್ದುತೀರ. ನಮ್ಮುಡ್ಗೀನ ಯಾರ್ನ ಕೇಳಿ ಕೊಯ್ದ್ರಿ ಅಂತ."

ಸುಳ್ಳೇ? ಗುದ್ದುತ್ತಿದ್ದೆ. ಖಂಡಿತ ಗುದ್ದುತ್ತಿದ್ದೆ.

ಆಪರೇಷನ್ ಎರಡೂವರೆ ಗಂಟೆ. ಒಂದೇ ಬೆಂಚು, ಎರಡು ತುದಿ. ಸುಮ್ಮನೆ ಕೂರುವುದು ನನಗೆ ಆಗದ ಕೆಲಸ. "ನಮ್ಮೂರಿಂದ ಹೋದೋರು ಎಲ್ಲಿದ್ರಿ?" ಎಂದೆ.

"ಸಿರಾದಾಗ ಒಂದು ವರ್ಷ" ಎಂದಳು ಓಬುಳಮ್ಮ. "ಅಕ್ಕತಂಗೀರು ಅಂದ್ವಿ, ಮನೆ ಸಿಕ್ತು. ಓನರಮ್ಮ ಬಾಳ ಒಳ್ಳೇಳು, ಹಬ್ಬಕ್ಕೆ ಬಿರಿಯಾನಿ, ಬೇಜಾರಾದ್ರೆ ಬೆಹನ್ ಬೆಹನ್ ಅಂತ ಮಾತು. ಒಂದಿನ ನಾಗಿ, ಇಂಥಾ ಒಳ್ಳೇಳಿಗೆ ಸುಳ್ಳು ಯಾಕೆ ಅಂತ ನಿಜ ಹೇಳ್ಬುಟ್ಳು. ಆಯಮ್ಮ ಅತ್ಲು. ಅಳ್ತಾನೇ ಖಾಲಿ ಮಾಡಿ ಅಂದ್ಲು."

"ಆಮೇಲೆ?"

"ನಮ್ಮೂರಿಗೆ ಹೋದ್ವಿ. ಮಾರಮ್ಮನ ವಾರ ಗುಡಿ ಗೌಡ ಬಂದ. ನಾನು ಕದದ ಹಿಂದೆ ನಿಂತಿದ್ದೆ, ನಿನ್ನ ಮಾತು ನೆಪ್ಪಿತ್ತಲ್ಲ. ಆತ ಬಗ್ಗಿ ಅಡುಗೆಮನೆ ನೋಡ್ದ. ಒಲೆ ಒಕಟೇನಾ, ಒಂದೇನಾ ಅಂದ. ಹೂಂ ಅಂದೆ. ಆರತಿ ಒಂದು ಅಂತ ಬರ್ಕಂಡು ಹೋದ."

"ಅಷ್ಟೇನಾ? ಏನೂ ಕೇಳ್ಳಿಲ್ವಾ?"

"ಕೇಳಲಿಲ್ಲ. ಒಪ್ಕಂಡ್ರು ಅಂತ ಏನಿಲ್ಲಕ್ಕ. ಹಿಂದೆ ನಗ್ತಾರೆ. ಜೋಡೆತ್ತು ಬಂದ್ವು ಅಂತಾರೆ. ಎತ್ತಿಗಾದ್ರೆ ಹುಲ್ಲು ತತ್ತಾ ಅಂತಾಳೆ ನಾಗಿ."

ನನಗೆ ನಗು ಬಂತು. ನಾಗಿ ಚಿಕ್ಕವಳಿದ್ದಾಗಲೂ ಹೀಗೇ ಬಾಯಿ.

ಲೆಕ್ಕ ಹಾಕಿ ನೋಡಿ. ಇಬ್ಬರು ಹೆಂಗಸರು. ಸಿರಾದಲ್ಲಿ ಸುಳ್ಳು ಹೇಳುವವರೆಗೆ ಅಕ್ಕತಂಗಿ. ನಮ್ಮೂರಲ್ಲಿ ಮೂರು ಕಲ್ಲು. ಪಾವಗಡದ ಕಡೆ ಒಂದು ಒಲೆ. ಮಧುಗಿರಿಯ ಫೈಲಿನಲ್ಲಿ ಏನೂ ಅಲ್ಲ. ಬೆಳಗ್ಗೆ ಹೊರಟು ಸಂಜೆಯೊಳಗೆ ಬಸ್ಸಿನಲ್ಲಿ ಸುತ್ತಿ ಬರಬಹುದಾದ ನಾಲ್ಕು ತಾಲ್ಲೂಕು ಇವು!

ಅಲ್ಲಿದ್ದ ನರ್ಸ್ ಹುಡುಗಿ ನಮ್ಮ ಮಾತು ಕೇಳಿಸಿಕೊಂಡಿದ್ದಳು. ನಮ್ಮ ಕೊರಟಗೆರೆ ತಾಲ್ಲೂಕಿನವಳೇ. ಪಕ್ಕ ಬಂದು ಮೆಲ್ಲಗೆ ಹೇಳಿದಳು. ಇಂಥವರನ್ನು ಹಿಡಿದು ಜೈಲಿಗೆ ಹಾಕಬಹುದಾದ ಕಾನೂನು ಮೊದಲು ಇತ್ತಂತೆ, ಈಗ ಹೋಯಿತಂತೆ. ಮದುವೆ ಎಂದು ಮಾತ್ರ ಒಪ್ಪುವುದಿಲ್ಲವಂತೆ. ಥಾಯ್ಲೆಂಡಿನಲ್ಲಿ ಇಬ್ಬರು ಹೆಂಗಸರು ಆಫೀಸಿಗೆ ಹೋಗಿ ಮದುವೆ ರಿಜಿಸ್ಟರ್ ಮಾಡಿಸಬಹುದಂತೆ. ಇನ್ನು ಕೆಲವು ದೇಶಗಳಲ್ಲಿ ಇದಕ್ಕೇ ಕೊಲ್ಲುತ್ತಾರಂತೆ. ಒಂದೇ ಕೆಲಸಕ್ಕೆ ಒಂದು ಕಡೆ ಸರ್ಟಿಫಿಕೇಟ್, ಇನ್ನೊಂದು ಕಡೆ ನೇಣಾ?

ಆಮೇಲೆ ಅವಳು ಹೇಳಿದ ಮಾತು ಕೇಳಿ. "ರಕ್ತಸಂಬಂಧದೋರು ಯಾರೂ ಬರದೇ ಇದ್ರೆ ಜೊತೇಲಿದ್ದೋರಿಗೇ ಬಾಡಿ ಕೊಡಿ ಅಂತ ಡೆಲ್ಲಿಯಿಂದ ರಾಜ್ಯಗಳಿಗೆ ಲೆಟರ್ ಬಂದಿದೆಯಂತೆ ಅಜ್ಜಿ."

"ಬಾಡಿ ಅಂದ್ರೆ?"

"ಹೆಣ."

ನಾನು ಗಂಡನ ಹೆಣ ನೋಡಿದ್ದೇನೆ, ಮಗನ ಹೆಣ ನೋಡಿದ್ದೇನೆ. ಸುಲಭಕ್ಕೆ ಬೆಚ್ಚುವ ಜೀವವಲ್ಲ ಇದು. ಆದರೆ ಅವತ್ತು ಆ ಬೆಂಚಿನ ಮೇಲೆ ಬೆಚ್ಚಿದೆ. ಸತ್ತರೆ ಓಬುಳಮ್ಮನ ಕೈಗೆ ಕೊಡಬಹುದು. ಸಾಯದ ಹಾಗೆ ನೋಡಿಕೊಳ್ಳಿ ಎಂದು ಓಬುಳಮ್ಮ ಸಹಿ ಹಾಕಿದರೆ ಅದು ನಡೆಯುವುದಿಲ್ಲ!

ನಾಗಿ ಬದುಕಿದಳು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಓಬಿ ಏನಾದ್ರೂ ತಿಂದ್ಳಾ?" ಆಮೇಲೆ ನನ್ನನ್ನು ನೋಡಿದಳು.

"ನೀನ್ಯಾಕ್ ಬಂದೆ?"

"ಸಂತಕ ಹಾಕಾಕೆ."

"ಹಾಕಾಯ್ತಾ?"

"ಹೂಂ."

"ಹಂಗಾದ್ರೆ ಹೋಗ್ಬುಡು."

ಹೋಗಲಿಲ್ಲ. ಸಂಜೆಯ ಬಸ್ಸಿನವರೆಗೆ ಕೂತಿದ್ದೆ. ಅವಳೂ ಮತ್ತೆ ಹೋಗು ಎನ್ನಲಿಲ್ಲ.

ಶನಿವಾರ ಡಿಸ್ಚಾರ್ಜ್. ಮತ್ತೆ ನನ್ನನ್ನೇ ಕರೆಸಿದರು, ಪೇಷೆಂಟನ್ನು ಸಂಬಂಧಿಕರ ವಶಕ್ಕೆ ಒಪ್ಪಿಸಬೇಕಂತೆ. ಹಾಕಿದೆ ಐದಕ್ಷರ. ಈ ಸಲ ಗೆರೆ ಬಿಟ್ಟು ಜಾರಲಿಲ್ಲ, ಅಭ್ಯಾಸವಾಯಿತಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನಾಗಿಗೆ ಹೇಳಿದೆ: "ಈ ಸಲ ಮಾರಮ್ಮನ ಆರತಿಗೆ ಬನ್ರೇ ಇಬ್ರೂ. ಬರ್ಕಂತೀನಿ." ಹನ್ನೊಂದು ವರ್ಷದಲ್ಲಿ ನಾನು ಯಾರ ಮುಂದೆಯೂ ಇಷ್ಟು ಬಗ್ಗಿರಲಿಲ್ಲ.

ಅವಳು ಹೊಟ್ಟೆಯ ಹೊಲಿಗೆ ಹಿಡಿದುಕೊಂಡೇ ನಕ್ಕಳು. "ನಮ್ಮದು ಅಲ್ಲಿ ಬರ್ದಾಗೈತೆ ಬುಡಕ್ಕ. ಒಲೆಗೆ ಒಂದೇ ಆರತಿ ಅಂತ ನೀನೇ ಹೇಳ್ತಿದ್ದೆ."

ಪಾವಗಡದ ಬಸ್ ಬಂತು. ಏನೂ ಅಲ್ಲದ ಓಬುಳಮ್ಮ ಮೊದಲು ಹತ್ತಿ, ಕಿಟಕಿ ಸೀಟಿಗೆ ಟವೆಲ್ ಹಾಕಿ, ಇಳಿದು ಬಂದು, ನನ್ನ ತಂಗಿಯ ಸೊಂಟಕ್ಕೆ ಕೈ ಕೊಟ್ಟು ಹತ್ತಿಸಿದಳು. ವಶಕ್ಕೆ ತೆಗೆದುಕೊಂಡವಳು ನಾನು, ಕೊರಟಗೆರೆ ಬಸ್ಸಿನ ಕಡೆ ನಡೆದೆ.

ಕಾಗದದ ಪ್ರಕಾರ ಈಗ ನಾಗಿ ಇರುವುದು ನನ್ನ ವಶದಲ್ಲಿ. ಅವಳ ಮನೆ ಯಾವ ಬೀದಿಯಲ್ಲಿದೆ ಎಂಬುದೂ ನನಗೆ ಗೊತ್ತಿಲ್ಲ.