ನಮ್ಮ ತೋಟದ ಎಳನೀರು

ಅಕ್ಕನಿಗೆ ನನ್ನ ಒಂದು ಕಿಡ್ನಿ ಕೊಡಬೇಕಿತ್ತು. ಒಪ್ಪಿದ್ದೆ. ಹೆದರಿಕೆ ಮಾತ್ರ ಹೋಗಿರಲಿಲ್ಲ. ನಿಟ್ಟೂರಿನಲ್ಲಿ ಬೈಕ್ ರಿಪೇರಿ ಮಾಡುವವನು ನಾನು. ಬಿಚ್ಚಿದ ಇಂಜಿನ್ ಮತ್ತೆ ಕಟ್ಟಿದಾಗ ಒಂದು ಬೋಲ್ಟಾದರೂ ಮಿಕ್ಕುತ್ತದೆ.

ತುಮಕೂರಿನ ಆಸ್ಪತ್ರೆಯಲ್ಲಿ ಕಿಡ್ನಿ ಹಾಕುವ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರು. "ಭಯ ಆಗ್ತಿದ್ಯಾ? ಬೇಡ ಅನ್ಸಿದ್ರೆ ಹೇಳು. ಇವ್ನ ಕಿಡ್ನಿ ತಗೊಳ್ಳಕ್ಕಾಗಲ್ಲ ಅಂತ ಮನೆಯವ್ರಿಗೆ ನಾನೇ ಹೇಳ್ತೀನಿ."

"ಯೋಚ್ನೆ ಮಾಡಿ ಹೇಳ್ತೀನಿ ಸಾರ್."

ಅವರು ಆಪರೇಷನ್ ಜೊತೆಗೆ ರಿಸರ್ಚೂ ಮಾಡುತ್ತಾರೆ ಎಂದು ನರ್ಸ್ ಹೇಳಿದ್ದಳು. ಅದಂತೂ ಇನ್ನೂ ಭಯ. ನಮ್ಮ ಮೇಲೇ ಏನೋ ಪ್ರಯೋಗ ಮಾಡುತ್ತಾರೆ ಅಂದುಕೊಂಡಿದ್ದೆ.

ವಾರ್ಡಿಗೆ ಬಂದರೆ ಗುಬ್ಬಿಯ ಮಾವ ತಮ್ಮ ತೋಟದ ಎಳನೀರು ಕೆತ್ತುತ್ತಿದ್ದರು. ಕಾಯಿಲೆಯವರನ್ನು ನೋಡಲು ನಮ್ಮ ಕಡೆ ಯಾರೂ ಬರಿಗೈಲಿ ಬರುವುದಿಲ್ಲ. ಎಳನೀರು ಕೊಡಬೇಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಅದು ಅಂಗಡಿಯದಕ್ಕೆ, ಸ್ವಂತ ತೋಟದ್ದಕ್ಕಲ್ಲ ಎಂದು ಅವ್ವ ತಿಳಿದಿದ್ದಳು.

"ಕುಡಿಯೇ, ನಮ್ ಮರದ್ದು ಕಣೇ," ಅಂದಳು ಅವ್ವ.

ನೀರನ್ನೂ ಅಳೆದು ಕುಡಿಯಬೇಕಾಗಿದ್ದ ಅಕ್ಕ ಎರಡು ಬುರುಡೆ ಮುಗಿಸಿದಳು. "ಜೀವ ಬಂತು ನೋಡು," ಅಂದಳು.

ಆಮೇಲೆ ಅವಳಿಗೆ ಕಾಲು ಎತ್ತಲು ಆಗಲಿಲ್ಲ. "ಎದೆ ಏನೋ ಆಗ್ತಾ ಐತೆ ಕಣೋ," ಅಂದಳು. ನಾನು ಕೂಗಿಕೊಂಡೆ. ಡಾಕ್ಟರು ಓಡಿ ಬಂದು, ಬುರುಡೆ ನೋಡಿ, ಇಂಜೆಕ್ಷನ್ ಕೊಟ್ಟು ಡಯಾಲಿಸಿಸ್‌ಗೆ ತಳ್ಳಿಕೊಂಡು ಹೋದರು. ಎಳನೀರಿನ ಪೊಟ್ಯಾಸಿಯಂ ಅವಳ ರಕ್ತದಲ್ಲಿ ಏರಿದೆ, ಎದೆಬಡಿತ ನಿಂತುಬಿಡಬಹುದು ಎಂದು ನರ್ಸ್ ಹೇಳಿದಳು.

ಬಾಗಿಲು ಮುಚ್ಚಿತು. ಅಲ್ಲಿಯವರೆಗೆ ನನ್ನ ಹೊಟ್ಟೆ ಕೊಯ್ಯುತ್ತಾರಲ್ಲ ಎಂದು ಹೆದರಿದ್ದೆ. ಈಗ, ಕೊಡುವುದಕ್ಕೆ ಅಕ್ಕನೇ ಇಲ್ಲದೆ ಹೋದರೆ ಎಂದು ಹೆದರಿದೆ. ಅವ್ವ ಹೊರಗಿನ ಬೆಂಚಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಾವನ ಕೈಯಲ್ಲಿ ಇನ್ನೂ ಮಚ್ಚಿತ್ತು.

ಡಾಕ್ಟರು ಹೊರಗೆ ಬಂದರು. "ಉಳ್ಕೊಂಡ್ಲು. ಆಪರೇಷನ್ ಸ್ವಲ್ಪ ಮುಂದಕ್ಕೆ ಹೋಗುತ್ತೆ."

ಬೈಯುತ್ತಾರೆ ಅಂದುಕೊಂಡೆ. ಅವರು ಅವ್ವನ ಪಕ್ಕ ಬೆಂಚಿನಲ್ಲಿ ಕೂತರು. "ಈ ಕಡೆ ಪೇಷೆಂಟ್‌ಗಳಿಗೆ ಹಿಂಗ್ಯಾಕಾಗುತ್ತೆ ಅಂತ್ಲೇ ನನ್ನ ರಿಸರ್ಚು. ಕುಣಿಗಲ್‌ನೋರೊಬ್ರು ಹಿಂಗೇ ಹೋಗ್ಬಿಟ್ರು. ಅವ್ರಿಗೆ ಕಿಡ್ನಿ ಹಾಕೋಕೆ ನಾನು ರೆಡಿಯಾಗಿದ್ದೆ. ಹೇಳಿ ತಾಯಿ, ನಾವು ಹೆಂಗೆ ಹೇಳಿದ್ರೆ ನೀವು ಕೇಳ್ತಿದ್ರಿ?"

ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಿಮ್ ತೋಟದ್ದೂ ಬ್ಯಾಡ ಅನ್ಬೇಕಿತ್ತು ಸಾಮಿ."

ಇಷ್ಟೇ ರಿಸರ್ಚು ಅಂತ ನನಗೆ ಗೊತ್ತಿರಲಿಲ್ಲ.

"ಸಾರ್, ನಂದು ತಗೊಳ್ಳಿ. ಬೇಗ ತಗೊಳ್ಳಿ," ಅಂದೆ.

"ಭಯ ಹೋಯ್ತಾ?"

"ಇಲ್ಲ ಸಾರ್."

ಮರುದಿನ ಊರ್ಡಿಗೆರೆಯ ಚಿಕ್ಕಪ್ಪ ಚೀಲ ಹಿಡಿದು ಬಂದರು. ನಾನು ವಾರ್ಡಿನ ಬಾಗಿಲಿಗೆ ಅಡ್ಡ ನಿಂತಿದ್ದೆ.

"ಏನ್ಲಾ, ವಾಚ್‌ಮನ್ ಆಗ್ಬುಟ್ಟಾ?"

"ಚೀಲ ತೋರ್ಸು ಚಿಕ್ಕಪ್ಪ."

ಒಳಗೆ ಮೂರು ಎಳನೀರು. ಮೂರನ್ನೂ ಅಲ್ಲೇ ನಿಂತು ನಾನೇ ಕುಡಿದೆ.